ನಮ್ಮ ಕೆರೆ ಕೋಡಿಗೆ ಹಾಲೆಂಡಿನಲ್ಲಿ ಸೂತಕ

ತಾತನಿಗೆ ಹಾಲೆಂಡಿನಿಂದ ನಮಸ್ಕಾರ.

ಡೈರಿ ಕೆಲಸ ಕಲಿಯಲು ನಾನಿರುವ ಈ ಹಳ್ಳಿ ಸಮುದ್ರಕ್ಕಿಂತ ತಗ್ಗಿನಲ್ಲಿದೆ. ಮುನ್ನೂರು ವರ್ಷದಿಂದ ಗಾಳಿಯಂತ್ರ ತಿರುಗಿಸಿ ನೀರನ್ನು ಹೊರಗೆ ಎತ್ತಿ ಹಾಕುತ್ತಾರೆ. ನಿನ್ನ ಕಾಗದ ಓದಿದ ಖುಷಿಗೆ ಯಂತ್ರ ನೋಡಿಕೊಳ್ಳುವ ಮುದುಕನಿಗೆ, “ನಾಲ್ಕು ವರ್ಷದ ಮೇಲೆ ನಮ್ಮೂರ ಕೆರೆ ತುಂಬಿ ಕೋಡಿ ಹರೀತಿದೆ!” ಎಂದೆ. ಆತ ಟೋಪಿ ತೆಗೆದು, ಇಲ್ಲಿ ಯಾರಾದರೂ ಸತ್ತಾಗ ಮಾಡುವಂತೆ ಯಂತ್ರದ ರೆಕ್ಕೆಗಳನ್ನು ಓರೆಯಾಗಿ ನಿಲ್ಲಿಸಿದ.

“ಎಷ್ಟು ಜನ ಹೋದರಪ್ಪಾ?”

“ಅಯ್ಯೋ, ಯಾರೂ ಹೋಗಿಲ್ಲ! ಈ ಸಲ ಭತ್ತ ನಾಟಿ ಆಗ್ತದೆ. ತೂಬು ತೆಗೆಯೋದು ನಮ್ಮ ತಾತನೇ!”

ಆತ ನಕ್ಕು, ರೆಕ್ಕೆಗಳನ್ನು ಇಲ್ಲಿನವರ ಮದುವೆಯ ಗುರುತಿಗೆ ತಿರುಗಿಸಿದ. ಈಗ ಎದುರಾದವರೆಲ್ಲ “ಯಾರ ಮದುವೆ?” ಎನ್ನುತ್ತಿದ್ದಾರೆ. ನಿನ್ನ ಹೆಸರು ಹೇಳಿದ್ದೇನೆ.

ನನ್ನ ನೆಗಡಿ ವಾಸಿಯಾಗಿದೆ. ಅಜ್ಜಿಗೆ ಓದಿ ಹೇಳುವಾಗ ಮದುವೆಯ ಸಾಲು ಬಿಟ್ಟುಬಿಡು.

ಚನ್ನರಾಯ