ಮಗುಚಿಟ್ಟ ಅಳತೆ ಪುಸ್ತಕ

ಮಾರ್ಚ್ ೧೪, ಗುರುವಾರ

ಬೆಳಗ್ಗೆ ಅತ್ತಿಗೆಯಿಂದ ಒಂದೇ ಪದದ ಮೆಸೇಜ್: “ಓದಿದೆ.” ಮಧ್ಯಾಹ್ನದವರೆಗೂ ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿದೆ.

ನಾನೇನು ಕಡಿಮೆ ಬುದ್ಧಿವಂತೆಯೇ! ಎದೆಯ ಆಪರೇಷನ್ ಆದಮೇಲೆ ಅವಳು ಅಂಗಿಯ ಎಡಗಡೆ ಒಳಗೆ ಹತ್ತಿ ಇಡಿಸಿ ನನ್ನಿಂದ ಹೊಲಿಸಿಕೊಂಡದ್ದನ್ನು ಬ್ಲಾಗಿನಲ್ಲಿ ಬರೆದೆ. ಹೆಸರು ಹಾಕದೆ, ಬರೀ ‘ನನ್ನ ಅತ್ತಿಗೆ’ ಎಂದೆ. ನನಗಿರುವುದು ಒಬ್ಬಳೇ ಅತ್ತಿಗೆ ಎಂಬುದು ಇಡೀ ಬೀದಿಗೆ ಗೊತ್ತು.

ಮಧ್ಯಾಹ್ನ ನನ್ನ ಟೈಲರಿಂಗ್ ಅಂಗಡಿಗೇ ಬಂದಳು. ಅಷ್ಟರಲ್ಲಿ ಯಾರೋ ಗಿರಾಕಿ ಒಳಬಂದರು, ನನ್ನ ಕೈ ತಾನಾಗಿ ಅಳತೆ ಪುಸ್ತಕವನ್ನು ಮಗುಚಿಟ್ಟಿತು. ಒಬ್ಬರ ಅಳತೆ ಇನ್ನೊಬ್ಬರ ಕಣ್ಣಿಗೆ ಬೀಳಬಾರದು, ಇಪ್ಪತ್ತು ವರ್ಷದ ಅಭ್ಯಾಸ. ಗಿರಾಕಿ ಹೋಗುವವರೆಗೂ ಅತ್ತಿಗೆ ಆ ಪುಸ್ತಕವನ್ನೇ ನೋಡುತ್ತಿದ್ದಳು.

“ಇದನ್ನ ಮುಚ್ಚಿಡ್ತೀಯ. ನನ್ನನ್ನ ಮಾತ್ರ ತೆರೆದಿಟ್ಟೆಯಲ್ಲೇ?”

ಫೋನ್ ತೆಗೆದು ಬರಹವನ್ನೆಲ್ಲ ಅಳಿಸಹೊರಟೆ. ಕೈ ಹಿಡಿದಳು.

“ಪೂರ್ತಿ ಯಾಕೆ? ಹೊಲಿಯೋವಾಗ ಕೈ ನಡುಗಿತು ಅಂತ ಬರೆದಿದೀಯಲ್ಲ, ಅದು ನಿಂದು, ಇರಲಿ. ನಂದನ್ನ ತೆಗಿ.”

ತೆಗೆದೆ. ಉಳಿದದ್ದು ನಾಲ್ಕೇ ಸಾಲು. ಮೊದಲಿಗಿಂತ ಚೆನ್ನಾಗಿಯೇ ಇದೆ, ಹಾಳಾದ್ದು.

ಹೊರಡುವಾಗ ಬಾಗಿಲಲ್ಲಿ ನಿಂತಳು. “ಬ್ಲಾಗ್ ಶುರು ಮಾಡೋದು ಹೇಗೆ, ಹೇಳಿಕೊಡು. ನನ್ನ ಕಥೆ ನಾನೇ ಬರೀತೀನಿ. ನಿನ್ನ ಬಗ್ಗೆನೂ ಬರೀತೀನಿ. ಹೆದರಬೇಡ ಕಣೇ, ಹೆಸರು ಹಾಕಲ್ಲ. ಬರೀ ‘ನನ್ನ ನಾದಿನಿ’ ಅಂತೀನಿ.”

ಎಂದವಳೇ ನಕ್ಕಳು. ಆ ನಗು ಕೇಳಿ ಎಷ್ಟು ತಿಂಗಳಾಗಿತ್ತು!

ಇದನ್ನೂ ಬ್ಲಾಗಿಗೆ ಹಾಕಲು ಕೈ ತುರಿಸುತ್ತಿದೆ. ಇಲ್ಲ. ಈ ದಿನಚರಿ ಪುಸ್ತಕವನ್ನೂ ಮಗುಚಿಟ್ಟು ಮಲಗುತ್ತೇನೆ.