ಮೈಗೆ ಹತ್ತದ ಅನ್ನ

14 ನವೆಂಬರ್ 1979, ರಾಯಚೂರು. ಬೆಳಿಗ್ಗೆ

ಚಹಾಕ್ಕೆ ಮೊದಲೇ ಮೂರು ಸಲ ಭೇದಿ ಆಯಿತು. ಸ್ನಾನ ಮುಗಿಸಿ ಲಿಂಗಪೂಜೆಗೆ ಕೂತೆ. ವಿಭೂತಿ ಹಚ್ಚುವಷ್ಟರಲ್ಲಿ ಮತ್ತೆ ಏಳಬೇಕಾಯಿತು. ಮತ್ತೆ ಸ್ನಾನ. ನಾಳೆಯಿಂದ ಪೂಜೆ ಮಧ್ಯಾಹ್ನ. ದೇವರಿಗೆ ಹೊತ್ತಿನ ಹಂಗಿಲ್ಲ.

ಹೈದರಾಬಾದಿನಿಂದ ಬಂದು ತಿಂಗಳಾಗುತ್ತ ಬಂತು. ಹೊಲಿಗೆ ಒಣಗಿದೆ. ಡಾಕ್ಟರು ಹೇಳಿದ್ದು ಇಷ್ಟು — ಕರುಳಿನ ಬಹುಪಾಲನ್ನು ದಾರಿಯಿಂದ ಬದಿಗಿಟ್ಟು ಮೇಲಿನ ತುಂಡನ್ನು ಕೆಳಗಿನ ತುಂಡಿಗೆ ಜೋಡಿಸಿದ್ದೇವೆ, ತಿಂದದ್ದು ಮೈಗೆ ಹತ್ತುವ ಮೊದಲೇ ಹೊರಟುಹೋಗುತ್ತದೆ, ಮೈ ತಾನಾಗಿ ಇಳಿಯುತ್ತದೆ. ಅಮೆರಿಕದಲ್ಲಿ ಕಲಿತು ಬಂದವರು. ಇಳಿಯುವುದು ಇನ್ನೂ ಕಾಣುತ್ತಿಲ್ಲ. ಹೊರಟುಹೋಗುವುದು ಮಾತ್ರ ಕಾಣುತ್ತಿದೆ.

ನಿಜ ಗೊತ್ತಿರುವುದು ಇಬ್ಬರಿಗೆ. ಮಗಳು ನೀಲಾ, ಮಾನ್ವಿ ಊರಲ್ಲಿರುವ ಅಣ್ಣ ಶಂಭುಲಿಂಗಪ್ಪ. ಉಳಿದವರಿಗೆ — ಹೊಟ್ಟೆಯಲ್ಲಿ ಗಡ್ಡೆ ಇತ್ತು, ತೆಗೆಸಿದೆ. ಗಡ್ಡೆ ಎಂದರೆ ಯಾರೂ ಮುಂದೆ ಕೇಳುವುದಿಲ್ಲ.

19 ನವೆಂಬರ್

ಔಷಧಿ ಕಹಿ. ಕುಡಿದ ಮೇಲೆ ನೀಲಾ ಬೆಲ್ಲದ ಚೂರು ಕೊಟ್ಟಳು. “ಯವ್ವಾ, ಇಷ್ಟೆಲ್ಲಾ ಯಾಕ ಬೇಕಾಗಿತ್ತು?” ಎಂದಳು. ಗೊತ್ತಿದ್ದೇ ಕೇಳುತ್ತಾಳೆ.

ಮೇ ತಿಂಗಳಲ್ಲಿ ಬಚ್ಚಲಲ್ಲಿ ಬಿದ್ದೆ. ಏಳಲು ಆಗಲಿಲ್ಲ. ನೀಲಾ ಒಬ್ಬಳಿಂದ ಆಗುವ ಕೆಲಸವಲ್ಲ. ನಮ್ಮ ಅಕ್ಕಿ ಮಿಲ್ಲಿನಿಂದ ಹಮಾಲರನ್ನು ಕರೆಸಿದಳು. ಬಾಗಿಲು ಕಿತ್ತರು. ನನ್ನ ಮೇಲೆ ಒಂದು ಒದ್ದೆ ಸೀರೆ. ದಿನವಿಡೀ ಭತ್ತದ ಚೀಲ ಎತ್ತುವವರು, ಎತ್ತಿದರು. ಯಾರೂ ನಗಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡೇ ಎತ್ತಿದರು. ನಕ್ಕಿದ್ದರೆ ಹೈದರಾಬಾದಿಗೆ ಹೋಗುತ್ತಿರಲಿಲ್ಲವೇನೋ.

2 ಡಿಸೆಂಬರ್

ಅದೇ.

20 ಜನವರಿ 1980

ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ ತಿಂದೆ. ನಾಲ್ಕು ದಿನ ಏಳಲಿಲ್ಲ. ಇವತ್ತು ಮಿಲ್ಲಿಗೆ ಹೋದೆ. ನಮ್ಮ ಮನೆಯವರು ತೀರಿಕೊಂಡ ಮೇಲೆ ಆರು ವರ್ಷದಿಂದ ಆ ಗಾದಿಯ ಮೇಲೆ ನಾನೇ ಕೂರುತ್ತೇನೆ. ಮೊದಲು ಗಾದಿ ತುಂಬುತ್ತಿತ್ತು. ಇವತ್ತು ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ.

ಕೆಲಸದವರೆಲ್ಲ ಊಟಕ್ಕೆ ಹೋದಾಗ ಚೀಲ ತೂಗುವ ಕಾಟಾದ ಮೇಲೆ ನಿಂತೆ. ಬೇಸಿಗೆಯಲ್ಲಿ ಕ್ವಿಂಟಲ್ ದಾಟಿದ್ದವಳು. ಈಗ ಮುಳ್ಳು ಅದರ ಈಚೆಗೆ ನಿಂತಿತು. ಇಳಿಯುವಷ್ಟರಲ್ಲಿ ಅಕ್ಕಿ ಕೇರುವ ರಂಜಾನಬಿ ಬಾಗಿಲಲ್ಲಿ. ನೋಡಿದಳೋ ಇಲ್ಲವೋ.

“ಅಮ್ಮಾರ, ಬಾಳ ಸೊರಗೀರಿ. ನಮ್ಮಕ್ಕನೂ ಹಿಂಗ ಆಗಿದ್ಲು.”

“ಈಗ ಹೆಂಗದಾಳ?”

ಮೊರದಲ್ಲಿದ್ದ ನುಚ್ಚನ್ನು ಎರಡು ಸಲ ಹಾರಿಸಿ, “ಇಲ್ರಿ” ಎಂದಳು.

9 ಮಾರ್ಚ್

ಎಲ್ಲರೂ ಮೆತ್ತಗೆ ಮಾತಾಡುತ್ತಾರೆ. ದಲಾಲಿ ಸತ್ತಾರ್ ಸಾಬ್ ಆರು ವರ್ಷದಿಂದ ಭತ್ತದ ತೇವದ ಬಗ್ಗೆ ನನ್ನ ಜೊತೆ ಜಗಳ ಆಡಿದವನು. ಇವತ್ತು ನಾನು ಹೇಳಿದ್ದಕ್ಕೆಲ್ಲ ಹೂಂ ಎಂದ. ಹೋಗುವಾಗ ಟೋಪಿ ಸರಿಮಾಡಿಕೊಳ್ಳುತ್ತ, “ಮುಂದ ಮಿಲ್ಲು ಯಾರು ನೋಡ್ಕೋತಾರ್ರಿ ಅಮ್ಮಾರ?” ಎಂದು ಕೇಳಿದ.

ಭತ್ತ ಮಾರುವ ಗಂಜಿನಲ್ಲಿ, ಪೇಟೆಯಲ್ಲೆಲ್ಲ, ನನಗೆ ಕ್ಯಾನ್ಸರ್ ಎಂದೇ ಸುದ್ದಿ. ನಾನೇ ಕೊಟ್ಟ ಗಡ್ಡೆ. ಅವರು ಬೆಳೆಸಿದ್ದಾರೆ.

ಸಂಜೆ ಮಿಲ್ಲಿನ ಮಾಳಿಗೆ ಹತ್ತಿದೆ. ನಮ್ಮ ಮನೆಯವರು ಕಟ್ಟಿಸಿದ್ದು, ನಾನು ಒಮ್ಮೆಯೂ ಹತ್ತಿದ್ದಿಲ್ಲ. ಮೇಲಿಂದ ಕೋಟೆಯ ಗುಡ್ಡ ಕಂಡಿತು, ಅದರ ಕೆಳಗೆ ಮನೆಗಳ ಹೊಗೆ. ಏದುಸಿರು ಇಲ್ಲ. ಮಂಡಿ ನೋವಿಲ್ಲ. ಸುಮ್ಮನೆ ನಿಂತಿದ್ದೆ. ಹೊಟ್ಟೆ ಕರೆಯುವವರೆಗೆ.

27 ಏಪ್ರಿಲ್

ನೀಲಾಗೆ ದೇವದುರ್ಗದ ಸಂಬಂಧ. ಹುಡುಗ ಬ್ಯಾಂಕಿನಲ್ಲಿ. ಹೋದ ವಾರ ಬಂದು ನೋಡಿ ಒಪ್ಪಿ ಹೋದರು. ನೀಲಾ ಆವತ್ತಿನಿಂದ ಹಾಡಿಕೊಳ್ಳುತ್ತ ಬಟ್ಟೆ ಒಗೆಯುತ್ತಿದ್ದಾಳೆ. ಇವತ್ತು ಅಣ್ಣ ಮಾನ್ವಿಯಿಂದ ಬಂದ. ಅವರ ಕಡೆಯಿಂದ ಮಾತು ನಿಂತಿದೆಯಂತೆ. ತಾಯಿಗೆ ಏನೋ ಇದೆಯಂತೆ, ಅದು ಹೆಣ್ಣುಮಕ್ಕಳಿಗೂ ಬರುತ್ತದಂತೆ.

“ಖರೆ ಹೇಳಿಬಿಡೋಣಲ್ಲಾ ಅಣ್ಣಾ.”

“ಹುಚ್ಚಿ ಇದ್ದೀಯೇನ್ ಗುರುಶಾಂತಾ? ಮೈ ಇಳಿಸಾಕ ಹೊಟ್ಟಿ ಕೊಯ್ಸಿಕೊಂಡಾಳ ಅಂದ್ರ ಊರೆಲ್ಲಾ ನಗತದ. ಕ್ಯಾನ್ಸರ್ ಅಂದ್ರ ಅಂಜತದ. ನಗಸೋದಕ್ಕಿಂತ ಅಂಜಸೋದ ಚಲೋ.”

“ಅಂಜಿದವರು ಹೆಣ್ಣ ತಗೋತಾರೇನು?”

ಅಣ್ಣ ಚಹಾ ಕುಡಿದು ಮುಗಿಸಿದ. ಒಳಗೆ ಹಾಡು ನಿಂತಿತ್ತು.

11 ಮೇ, ರಾತ್ರಿ

ದೇವದುರ್ಗಕ್ಕೆ ಹೋಗಿ ಬಂದೆವು. ನಿನ್ನೆ ಬೆಳಿಗ್ಗೆಯಿಂದ ಗಂಜಿ ಬಿಟ್ಟು ಏನೂ ಮುಟ್ಟಿರಲಿಲ್ಲ. ಆದರೂ ಆಯಿತು. ಮಾನ್ವಿಯಲ್ಲಿ ಅಣ್ಣನನ್ನು ಹತ್ತಿಸಿಕೊಂಡು ಹೊರಟ ಕಾರು ಅರಕೇರಾ ಬರುವಷ್ಟರಲ್ಲಿ ಎರಡು ಸಲ ನಿಂತಿತು. ಜಾಲಿಯ ಮರೆ. ಡ್ರೈವರ್ ಎರಡೂ ಸಲ ಬಾನೆಟ್ ತೆಗೆದು ಇಂಜಿನ್ ನೋಡಿದ. ಒಳ್ಳೆಯವನು.

ಹುಡುಗನ ತಾಯಿ ಬಸವಂತಮ್ಮ. ಆವತ್ತು ನೋಡಲು ಬಂದವರಲ್ಲಿ ಅವರಿರಲಿಲ್ಲ. ಯಾಕೆಂದು ಈಗ ತಿಳಿಯಿತು. ನಾನು ಇದ್ದದ್ದಕ್ಕಿಂತ ದಪ್ಪ. ಮಂಚದಿಂದ ಏಳಲು ಹಿರಿಯ ಸೊಸೆ ಕೈ ಕೊಡಬೇಕು. ನಾನು ಹಿತ್ತಲಿಗೆ ಎರಡನೇ ಸಲ ಹೋಗಿ ಬಂದಾಗ, ಒಳಕೋಣೆಗೆ ಕರೆದು ಬಾಗಿಲು ಹಾಕಿಸಿದರು.

“ಏನಾಗ್ಯಾದ ನಿಮಗ? ಖರೆ ಹೇಳ್ರಿ. ಹುಡುಗಿ ಚಲೋ ಅದಾಳ, ನನ್ನ ಮಗ ಒಪ್ಪ್ಯಾನ. ನಾಳಿ ಆಕಿಗೂ ಇದ ಬಂದ್ರ ಅಂತ ನನಗ ಅಂಜಿಕಿ.”

ಅಣ್ಣ ಪಡಸಾಲೆಯಲ್ಲಿ. ಹೇಳಿದೆ.

“ರೋಗ ಅಲ್ರಿ. ನಿಮ್ಮಂಗ ಇದ್ದೆ. ಕರುಳು ಕೊಯ್ಸಿ ಸಣ್ಣಗಾದೆ.”

“ಕರುಳು ಕೊಯ್ದ್ರ ಮನಷಾ ಇರತಾನೇನ್ರಿ?”

“ಕಾಲುವಿಗೆ ಒಡ್ಡು ಹಾಕಿ, ನೀರು ಹೊಲಕ್ಕ ಹೋಗದಂಗ ಸೀದಾ ಹಳ್ಳಕ್ಕ ಬಿಡ್ತಾರಲ್ಲ, ಹಂಗ.”

ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಸೆರಗು ಸರಿಸಲು ಹೇಳಿದರು. ಗಾಯದ ಗುರುತಿನ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಎಳೆದರು, ಸೀರೆಯ ಅಂಚು ನೋಡಿದ ಹಾಗೆ. ಆಮೇಲೆ ಬಾಗಿಲ ಕಡೆ ನೋಡಿ, ದನಿ ಇಳಿಸಿ —

“ನನಗೂ ಮಾಡ್ತಾರೇನ್ರಿ?”

ಬರುವಾಗ ಎಲ್ಲರೆದುರಿಗೇ ಸಂಬಂಧ ಒಪ್ಪಿದೆವು ಎಂದರು. ಕಾರ್ತಿಕದಲ್ಲಿ ಮದುವೆ.

16 ಜೂನ್

ಎರಡೂ ಮಣಿಕಟ್ಟು ಬಾತಿವೆ. ಬಾಚಿದರೆ ಕೂದಲು ಹಿಡಿಹಿಡಿ. ನೀಲಾ ಅದನ್ನು ಸುತ್ತಿ ಸೀರೆಯ ಮಡಿಲಲ್ಲಿ ಬಚ್ಚಿಡುತ್ತಾಳೆ, ನನಗೆ ಕಾಣದಿರಲಿ ಎಂದು.

30 ಜುಲೈ

ಮಿಲ್ಲಿನಲ್ಲಿ ಕಣ್ಣು ಕತ್ತಲೆ ಬಂದು ಕೂತೆ. ಈ ಸಲ ಎತ್ತಲು ರಂಜಾನಬಿ ಒಬ್ಬಳೇ ಸಾಕಾದಳು.

18 ಆಗಸ್ಟ್, ಹೈದರಾಬಾದ್

ಡಾಕ್ಟರು ರಕ್ತ ನೋಡಿದರು, ಕಣ್ಣಿನ ಬಿಳಿ ನೋಡಿದರು. ಲಿವರ್ ಕೆಡುತ್ತಿದೆ. ಬಿಚ್ಚಿ ಮೊದಲಿನಂತೆ ಜೋಡಿಸಬೇಕು. ತಡಮಾಡಬಾರದು.

ಮೈ? ಎಂದು ಕೇಳಿದೆ.

ಮತ್ತೆ ಬರುತ್ತದೆ ಎಂದರು.

ಮದುವೆ ಮುಗಿಯಲಿ ಎಂದು ಹೇಳಿ ಬಂದೆ. ಅದು ನೆಪ. ಹೋಟೆಲಿನ ಕನ್ನಡಿಯಲ್ಲಿ ಕೊರಳಿನ ಎಲುಬು ನೋಡಿಕೊಂಡೆ. ನಲವತ್ತೊಂದನೇ ವಯಸ್ಸಿನಲ್ಲಿ ಮೊದಲ ಸಲ ಕಂಡ ಎಲುಬು. ಕೊಡಲು ಮನಸ್ಸಿಲ್ಲ. ಆ ಮೈ ಎರಡನೇ ಸಲ ಬೇಡ. ಬರೆದಿಟ್ಟರೆ ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

7 ಸೆಪ್ಟೆಂಬರ್

ಬಸವಂತಮ್ಮ ಬಂದರು. ಜೊತೆಗೆ ಟ್ರಂಕು, ಹಾಸಿಗೆ ಸುತ್ತು. ನಾಳೆಯೇ ಹೈದರಾಬಾದಿಗೆ ಹೊರಡೋಣವಂತೆ. ಮಗನ ಮದುವೆಯಲ್ಲಿ ಎಲ್ಲರಂತೆ ನೆಲದ ಮೇಲೆ ಕೂತು ಏಳಬೇಕಂತೆ. ಅವರ ಯಜಮಾನರು ಹೂಂ ಎಂದಿದ್ದಾರಂತೆ.

ಡಾಕ್ಟರು ನನಗೆ ಹೇಳಿದ್ದನ್ನು ಹೇಳಿದೆ. ಬೇಡ ಎಂದೆ.

“ನೀವು ಮಾಡಿಸ್ಕೊಂಡು ಹೆಂಗ ಓಡ್ಯಾಡಾಕತ್ತೀರಿ. ನಮಗ ಬ್ಯಾಡ ಅಂತೀರಿ.”

“ಓಡ್ಯಾಡೋದು ನೋಡೀರಿ. ಉಳಿದದ್ದು ನೋಡಿಲ್ರಿ.”

“ನೋಡ್ರಿ ಬೀಗತಿ, ನಾ ಹೆಣ್ಣ ಕೇಳಿದಾಗ ಕುಲ ಕೇಳಲಿಲ್ಲ, ರೋಗ ಕೇಳಿದೆ. ನೀವು ಖರೆ ಹೇಳಿದ್ರಿ ಅಂತ ಒಪ್ಪಿದೆ. ಈಗ ಸುಳ್ಳು ಹೇಳಿದ್ರ ನಾ ಏನ್ ತಿಳಕೋಬೇಕು?”

ನೀಲಾ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಚಹಾ. ಅವಳ ಮುಖ ನೋಡಿ ಒಂದು ಕ್ಷಣ — ಕರೆದುಕೊಂಡು ಹೋಗಿಬಿಡಲೇ ಎನಿಸಿತು. ಅವರ ಕರುಳು, ಅವರ ಆಸೆ. ನನಗೇನು.

“ಎರಡು ದಿನ ನನ್ನ ಕೂಡ ಇರ್ರಿ. ಆಮ್ಯಾಲ ನೀವು ಎಲ್ಲಿ ಅಂದ್ರ ಅಲ್ಲಿಗಿ ಬರ್ತೀನಿ” ಎಂದೆ.

10 ಸೆಪ್ಟೆಂಬರ್

ಇದ್ದರು. ನನ್ನ ಕೋಣೆಯಲ್ಲೇ ಮಲಗಿದರು. ಏನೂ ಮುಚ್ಚಿಡಲಿಲ್ಲ. ತಿನ್ನುವುದು, ಓಡುವುದು, ವಾಸನೆ. ಬಾತ ಕೈಯಿಂದ ಕುಬಸದ ಗುಂಡಿ ಹಾಕಿಕೊಳ್ಳಲಾಗದೆ ನೀಲಾಳನ್ನು ಕರೆಯುವುದು. ಅರ್ಧಕ್ಕೆ ಬಿಟ್ಟ ಪೂಜೆ. ಬಸವಂತಮ್ಮ ಮೊದಲ ದಿನ ನೋಡಿದರು, ಎರಡನೇ ದಿನ ನೋಡಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದರು.

ನಿನ್ನೆ ಸಂಜೆ ಮಿಲ್ಲಿನಿಂದ ಬರುವ ದಾರಿಯಲ್ಲೇ ತಡೆಯಲಿಲ್ಲ. ಸೀರೆ ಕೆಟ್ಟಿತು. ಮನೆಗೆ ಬಂದು ಬಚ್ಚಲ ಮೂಲೆಯಲ್ಲಿ ಹಾಕಿ, ಬೇರೆ ಉಟ್ಟು, ಬಂದು ಮಲಗಿದೆ. ಇವತ್ತು ಬಿಸಿಲು ಬಿದ್ದ ಮೇಲೆ ಎದ್ದು ನೋಡಿದರೆ ಬಸವಂತಮ್ಮ ಹಿತ್ತಲ ಕಲ್ಲಿನ ಹತ್ತಿರ. ಬಗ್ಗಲು ಬಾರದು, ಸ್ಟೂಲು ಹಾಕಿಸಿಕೊಂಡು ಕೂತು, ಆ ಸೀರೆಯನ್ನು ಕಲ್ಲಿಗೆ ಬಡಿಯುತ್ತಿದ್ದರು. ಬೇಡ ಎಂದು ಕಿತ್ತುಕೊಳ್ಳಲು ಹೋದೆ. ಬಿಡಲಿಲ್ಲ. ಅವರ ಮುಂದೆ ನನ್ನ ಬಲ ಎಷ್ಟು.

ಹಿಂಡಿ ನೀಲಾಳ ಕೈಗೆ ಕೊಟ್ಟ ಮೇಲೆ ಮಾತಾಡಿದರು.

“ಕಾರ್ತೀಕಕ್ಕ ಮದುವಿ ಬ್ಯಾಡ್ರಿ. ಮುಂದಕ್ಕ ಹಾಕೋಣ.”

ನೀಲಾ ಹಗ್ಗದ ಹತ್ತಿರ ಹಾಗೇ ನಿಂತಳು.

“ಹಂಗ ನೋಡಬ್ಯಾಡ ಯವ್ವಾ, ನೀ ನಮ್ಮ ಮನಿಗಿ ಬರಾಕಿನ. ಮೊದಲ ನಿಮ್ಮವ್ವ ಹೊಟ್ಟಿ ಕೂಡಿಸ್ಕೊಂಡು ಬರಲಿ. ತಾಯಿ ಇಲ್ಲದ ಹಂದರದಾಗ ನಾ ಅಕ್ಕಿಕಾಳ ಹಾಕಂಗಿಲ್ಲ.”

“ಮತ್ತ ಮೊದಲಿನಂಗ ಆಗತೀನ್ರಿ” ಎಂದೆ.

“ಆಗ್ರಿ. ನಾ ಒಬ್ಬಾಕಿನ ದಪ್ಪ ಇರಬೇಕಂತ ಎಲ್ಲಿ ಬರದಾದ?”

ನೀಲಾ ಮೊದಲು ನಕ್ಕಳು. ಆಮೇಲೆ ಅವರು. ನನಗೆ ನಗು ಬರಲು ಹೊತ್ತು ಹಿಡಿಯಿತು.

2 ಅಕ್ಟೋಬರ್, ಹೈದರಾಬಾದ್

ನಾಳೆ. ಬಸವಂತಮ್ಮ ಟ್ರೇನಿನಲ್ಲಿ ಜೊತೆಗೆ ಬಂದರು. ಬೇಡ ಎಂದರೂ ಬಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ, ಡಾಕ್ಟರ ಮುಖ ಕೂಡ ನೋಡುವುದಿಲ್ಲವಂತೆ. ನೋಡಿದರೆ ಎಲ್ಲಿ ಆಸೆ ಹುಟ್ಟುತ್ತದೋ ಎಂದು.

ಭಯ ಸಾಯುವುದಕ್ಕಲ್ಲ.

14 ಅಕ್ಟೋಬರ್

ಇದ್ದೇನೆ.

29 ನವೆಂಬರ್, ರಾಯಚೂರು

ನಿನ್ನೆ ಒಂದೇ ಸಲ. ಇವತ್ತು ಒಂದೇ ಸಲ. ಬೆಳಗಿನ ಪೂಜೆ ಪೂರ್ತಿ ಆಯಿತು. ಮುಗಿದ ಮೇಲೂ ಅಂಗೈಯಲ್ಲಿ ಲಿಂಗ ಹಿಡಿದು ಕೂತೇ ಇದ್ದೆ, ಏಳಬೇಕಾಗುತ್ತದೆ ಎಂದು ಕಾಯುತ್ತ. ಏಳಬೇಕಾಗಲಿಲ್ಲ.

ಮಣಿಕಟ್ಟಿನ ಬಾವು ಇಳಿದಿದೆ.

11 ಜನವರಿ 1981

ಕುಬಸ ಬಿಗಿಯಾಗಿದೆ. ನೀಲಾ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟಳು. ಅವಳು ಹೋದ ಮೇಲೆ ಸ್ವಲ್ಪ ಅತ್ತೆ. ಆಮೇಲೆ ಮಿಲ್ಲಿಗೆ ಹೋದೆ. ಸತ್ತಾರ್ ಸಾಬ್ ಭತ್ತದ ತೇವದ ಮೇಲೆ ಜಗಳಕ್ಕೆ ನಿಂತ. ಒಂದು ತಾಸು ಆಡಿದೆವು. ಗಂಜಿನಲ್ಲಿ ಹೊಸ ಸುದ್ದಿ — ಅಮ್ಮಾರು ಹರಕೆ ಹೊತ್ತು ಕ್ಯಾನ್ಸರ್ ಗೆದ್ದರು. ರಂಜಾನಬಿಗೆ ಮಾತ್ರ ನಿಜ ಹೇಳಿದೆ. ಕೇಳಿ, “ಉಣ್ಣಾಕಿದ್ದೂ ಉಪಾಸ” ಎಂದಳು. ಬೈದಳೋ ಮರುಗಿದಳೋ. ಎರಡೂ ಇರಬಹುದು. ಕೇಳಲಿಲ್ಲ.

22 ಫೆಬ್ರವರಿ

ಮದುವೆ ಆಯಿತು. ಹಂದರದಲ್ಲಿ ಇಬ್ಬರು ಬೀಗತಿಯರಿಗೂ ಕುರ್ಚಿ ಹಾಕಿದ್ದರು. ನಾನು ನೆಲದ ಮೇಲೆ ಕೂತೆ, ಇನ್ನೂ ಕೂರಬಲ್ಲೆ. ಬಸವಂತಮ್ಮ ಕುರ್ಚಿಯಿಂದಲೇ ಕೈ ಚಾಚಿ ಅಕ್ಕಿಕಾಳು ಹಾಕಿದರು. ಅರ್ಧ ನನ್ನ ತಲೆಯ ಮೇಲೆ ಬಿತ್ತು.

3 ಮಾರ್ಚ್, ದೇವದುರ್ಗ. ಮಧ್ಯಾಹ್ನ

ನೀಲಾಳನ್ನು ನೋಡಲು ಬಂದೆ. ದಾರಿಯಲ್ಲಿ ಕಾರು ಎಲ್ಲಿಯೂ ನಿಲ್ಲಲಿಲ್ಲ. ಅವಳು ಈ ಮನೆಯಲ್ಲಿ ಹೆಚ್ಚು ಮಾತಾಡುತ್ತಾಳೆ. ಅತ್ತೆಯ ಕೂದಲು ಬಾಚುತ್ತಾಳೆ. ಚೆನ್ನಾಗಿದ್ದಾಳೆ.

ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ. ಎಣ್ಣೆಗಾಯಿ ಇರಬೇಕು, ಶೇಂಗಾ ಹುರಿದ ವಾಸನೆ ಇಲ್ಲಿಗೂ ಬರುತ್ತಿದೆ. ಹಸಿವಾಗಿದೆ. ಒಂದು ವರ್ಷ ಆ ಕರುಳಿನಲ್ಲಿ ಸಂಕಟವಿತ್ತು, ಹಸಿವು ಇರಲಿಲ್ಲ. ಇದು ಹಸಿವೇ. ಮೊದಲಿನದ್ದೇ, ಗುರುತು ಸಿಗುತ್ತದೆ.

ಬಸವಂತಮ್ಮ ಪಡಸಾಲೆಯಿಂದ ಕೂಗಿ ಕೇಳುತ್ತಿದ್ದಾರೆ, ಒಂದು ರೊಟ್ಟಿನೋ ಎರಡೋ ಎಂದು. ಇನ್ನೂ ಹೇಳಿಲ್ಲ. ಎರಡು ಎಂದರೆ ಆ ಮೈ ಮತ್ತೆ —