ಮೇಲೆತ್ತಿದ ಶೂ

ಡ್ರಿಫ್ಟ್ ಕ್ರೀಕ್, ವಾಷಿಂಗ್ಟನ್ ರಾಜ್ಯ
೧೮ ಅಕ್ಟೋಬರ್ ೧೯೯೮, ಭಾನುವಾರ

ಪ್ರೀತಿಯ ಅಪ್ಪಾ,

ನಿನ್ನ ಬೆನ್ನು ಹೇಗಿದೆ? ಹಿಲ್ಮಾ ಅತ್ತೆ ಕಳಿಸಿದ ಮುಲಾಮು ಹಚ್ಚಿಕೊಳ್ಳುತ್ತಿದ್ದೀಯಾ, ಇಲ್ಲಾ ಡಬ್ಬಿಯನ್ನು ಕಿಟಕಿಯ ಮೇಲಿಟ್ಟು ನೋಡುತ್ತಾ ಕೂತಿದ್ದೀಯಾ? ಅಲಾಸ್ಕಾದಲ್ಲಿ ಈಗಲೇ ಹಿಮ ಬಿದ್ದಿದೆ ಅಂತ ರೇಡಿಯೋದಲ್ಲಿ ಹೇಳಿದರು. ಮೀನಿನ ಕಾರ್ಖಾನೆಯಲ್ಲಿ ಒದ್ದೆ ನೆಲದ ಮೇಲೆ ನಿಂತು ತಂತಿ ಮುಟ್ಟಬೇಡ ಅಂತ ಅತ್ತೆ ಹೇಳಲು ಹೇಳಿದಳು. ಎಲೆಕ್ಟ್ರಿಶಿಯನ್‌ಗೆ ಇದನ್ನು ಹೇಳಬೇಕಾ ಅಂತ ನಾನು ಕೇಳಿದೆ. "ನಿಮ್ಮಪ್ಪನಿಗೆ ಎಲ್ಲಾನೂ ಹೇಳ್ಬೇಕು, ಬರಿ" ಅಂದಳು. ಬರೆದಿದ್ದೇನೆ. ಅತ್ತೆಯ ಮಂಡಿ ಹಾಗೇ ಇದೆ, ಬಾಯಿಯೂ ಹಾಗೇ ಇದೆ. ನಾನು ಸಿಂಪಿಯ ಚಿಪ್ಪು ಬಿಡಿಸುವ ಶೆಡ್ಡಿಗೆ ಹೋಗಿ ಬರುತ್ತಿದ್ದೇನೆ, ಕೈ ತುಂಬ ಗೀರು, ಬೇರೆ ತೊಂದರೆ ಇಲ್ಲ.

ಇಷ್ಟು ಕ್ಷೇಮ ಸಮಾಚಾರ. ಇನ್ನು ಮುಂದೆ ಬರೆಯುವುದನ್ನು ನೀನು ಊಟ ಮುಗಿಸಿ ಓದು. ನನಗೆ ನಿನ್ನ ಮೇಲೆ ಬಹಳ ಕೋಪ ಬಂದಿದೆ. ಎದುರಿಗಿದ್ದರೆ ಒಂದು ಮಾತೂ ಬರುತ್ತಿರಲಿಲ್ಲ, ಎದ್ದು ಒಳಗೆ ಹೋಗಿಬಿಡುತ್ತಿದ್ದೆ, ಅದು ನಿನಗೂ ಗೊತ್ತು. ನೀನು ಅಷ್ಟು ದೂರ ಇರುವುದು ಇವತ್ತು ಒಳ್ಳೆಯದೇ ಆಯಿತು.

ಎರಡು ವಾರದ ಹಿಂದೆ ಮನೆ ಬಾಗಿಲಿಗೆ ಒಬ್ಬ ಬಂದಿದ್ದ. ಡಾರ್ಬಿ ಅಂತ ಹೆಸರು, ಸಿಯಾಟಲ್‌ನವನು, ಮೂವತ್ತರ ಹತ್ತಿರ ಇರಬಹುದು. ಮೈಮೇಲೆ ಚೌಕಳಿಯ ಫ್ಲಾನೆಲ್ ಶರ್ಟು. ಮರ ಕಡಿಯುವವರು ಚಳಿಗೆ ಹಾಕುವ ಶರ್ಟು ಅದು, ಆದರೆ ಇವನದರ ತೋಳಿಗೆ ಒಂದು ಚೂರು ಗರಗಸದ ಹುಡಿ ತಾಗಿರಲಿಲ್ಲ. "ಆರ್ವಿಡ್ ಅವರ ಮಗಳಾ ನೀವು?" ಅಂದ. ಹೌದು ಅಂದೆ. "ಅಯ್ಯಯ್ಯೋ, ಸಾಕ್ಷಾತ್ ಸ್ವಿಚ್ ಮುದುಕನ ಮನೆಗೇ ಬಂದ್ಬಿಟ್ಟೆ ನೋಡಿ!" ಅಂತ ನಕ್ಕ. ಸ್ವಿಚ್ ಮುದುಕ! ನೀನು ಹಾಲ್‌ನ ಮೇನ್ ಸ್ವಿಚ್ ಎಳೆದ ಆ ದಿನ ನಿನಗೆ ಇನ್ನೂ ಐವತ್ತಾಗಿರಲಿಲ್ಲ. ಆಮೇಲೆ ಹೇಳಿದ, ಅವನು ನಿನಗೆ ಫೋನ್ ಮಾಡಿದ್ದನಂತೆ, ಚೋಕರ್ ಬೆಲ್ ಬ್ಯಾಂಡಿನ ಅಭಿಮಾನಿಗಳು ನಮ್ಮೂರ ಹಾಲ್‌ನಲ್ಲಿ ವರ್ಷವರ್ಷ ನಡೆಸುವ ಕೂಟಕ್ಕೆ ಮುಂದಿನ ವರ್ಷ ನೀನೇ ಬಂದು ಸ್ವಿಚ್ ಆರಿಸುತ್ತೀಯಂತೆ. "ನಿಮ್ಮಪ್ಪ ಎಂಥಾ ದೊಡ್ಡ ಮನಸ್ಸಿನೋರು ರೀ, ಹುಡುಗ್ರು ನಗ್ಲಿ ಬಿಡಪ್ಪ, ಬರ್ತೀನಿ ಅಂದ್ಬಿಟ್ರು." ನಾನು ಬಾಗಿಲು ಹಾಕಿಕೊಂಡೆ. ಹಿಲ್ಮಾ ಅತ್ತೆ ಹಿಂದಿನಿಂದ, "ಪಾಪ, ಕಾಫಿಗಾದ್ರೂ ಕರೀಬಾರ್ದಿತ್ತಾ" ಅಂದಳು.

ನೀನು ಯಾವುದಕ್ಕೆ ಹೂಂ ಅಂದಿದ್ದೀಯಾ ಅಂತ ನಿನಗೆ ಗೊತ್ತಾ ಅಪ್ಪಾ? ನನಗೂ ಗೊತ್ತಿರಲಿಲ್ಲ. ಆ ಕೂಟಕ್ಕೆ ನಾನು ಒಂದು ವರ್ಷವೂ ಹೋದವಳಲ್ಲ. ನಿನ್ನೆ ಹೋದೆ.

ಹಾಲ್‌ನ ಮುಂದೆ ಸಿಯಾಟಲ್‌ನಿಂದ ಬಂದ ವ್ಯಾನುಗಳು ಸೇತುವೆವರೆಗೂ ನಿಂತಿದ್ದವು. ಒಳಗೆ ಒಬ್ಬೊಬ್ಬರೂ ನೆನಪು ಹೇಳುತ್ತಿದ್ದರು. ಚೋಕರ್ ಬೆಲ್ ಬ್ಯಾಂಡಿನವರು ಇದೇ ಹಾಲ್‌ನಲ್ಲಿ, ಇನ್ನೂ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ, ಹರಿದ ಸ್ಪೀಕರು ಇಟ್ಟುಕೊಂಡು ನುಡಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ ಅಂತ ಒಬ್ಬ. ಹಾಡುಗಾರನ ಬೆವರು ನನ್ನ ಕನ್ನಡಕದ ಮೇಲೆ ಬಿತ್ತು, ಮೂರು ದಿನ ಒರೆಸಲಿಲ್ಲ ಅಂತ ಇನ್ನೊಬ್ಬಳು. ಒಂಬತ್ತು ವರ್ಷದ ಹಿಂದೆ, ನೀನು ಸ್ವಿಚ್ ಎಳೆದ ಆ ಭಾನುವಾರ ಬಂದಿದ್ದೆ ಅನ್ನುವವರೆಲ್ಲ ನಿಜವಾಗಿ ಬಂದಿದ್ದರೆ ಹಾಲ್‌ನ ಗೋಡೆ ಹೊರಕ್ಕೆ ಬಾಗಿ ನದಿಗೆ ಬೀಳಬೇಕಿತ್ತು. ಪಕ್ಕದ ಗಡ್ಡದವನು ತನ್ನ ಗೆಳೆಯನಿಗೆ, "ಲೋ, ನೀನು ಆಗ ಒಹಾಯೋದಲ್ಲಿ ಇದ್ಯಲ್ಲೋ" ಅಂದ. "ಮನಸ್ಸು ಇಲ್ಲೇ ಇತ್ತು ಕಣೋ" ಅಂದ ಆ ಗೆಳೆಯ. ಅದಕ್ಕೆ ನನಗೂ ನಗು ಬಂತು, ಸುಳ್ಳು ಯಾಕೆ ಹೇಳಲಿ. ಕೆಲವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಆ ಹಾಡುಗಳನ್ನು ಅವರು ಪ್ರೀತಿಸುತ್ತಾರೆ. ನಾನೂ ಪ್ರೀತಿಸುತ್ತಿದ್ದೆ. ಹನ್ನೊಂದು ವರ್ಷದ ನಾನು ನಿನ್ನ ಕಾಲು ಹಿಡಿದು ಅತ್ತಿದ್ದಕ್ಕೆ ತಾನೇ ನೀನು ಅವತ್ತು ನನ್ನನ್ನು ಒಳಗೆ ಬಿಟ್ಟಿದ್ದು.

ಆದರೆ ಅವರ ನೆನಪಿನಲ್ಲಿ ನೀನು ಯಾರು ಗೊತ್ತಾ? ಸಂಗೀತ ಕಂಡರೆ ಆಗದ, ಹುಡುಗರ ಕುಣಿತ ಕಂಡರೆ ಉರಿದು ಬೀಳುವ ಹಳ್ಳಿ ಮುದುಕ. ಹಾಡು ಏರಿದ ಹೊತ್ತಿಗೆ ಬೇಕಂತಲೇ ಮೇನ್ ಸ್ವಿಚ್ ಎಳೆದು ಎಲ್ಲವನ್ನೂ ಕೊಂದವನು. ಹತ್ತಿರದ ಯಾವ ಊರಿನವರೂ ಆ ಹುಡುಗರಿಗೆ ಜಾಗ ಕೊಡದಿದ್ದಾಗ ಹಾಲ್ ಸಮಿತಿಯವರ ಹತ್ತಿರ ಮೂರು ಸಲ ಹೋಗಿ ಬೇಡಿ ಹಾಲ್ ಕೊಡಿಸಿದವನು ಯಾರು? ಹಳೇ ವೈರಿಂಗು, ಇವರ ಯಂತ್ರಗಳ ಭಾರಕ್ಕೆ ಬೆಂಕಿ ಹೊತ್ತಿಕೊಂಡೀತು ಅಂತ ಪ್ರತಿ ಭಾನುವಾರ ಮಧ್ಯಾಹ್ನ ಪೂರ್ತಿ ಆ ಸ್ವಿಚ್ ಪೆಟ್ಟಿಗೆಯ ಪಕ್ಕ ಸ್ಟೂಲ್ ಹಾಕಿಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು, ಡ್ರಮ್ಮಿಗೆ ಸರಿಯಾಗಿ ಮಂಡಿ ಕುಣಿಸುತ್ತಾ ಕೂತವನು ಯಾರು? ಇದನ್ನು ಒಬ್ಬರೂ ಹೇಳಲಿಲ್ಲ.

ಆಮೇಲೆ ನಾಟಕ ಶುರುವಾಯಿತು. ಅವರದೇ ಒಂದು ನಕಲು ಬ್ಯಾಂಡು ಅವತ್ತು ಅರ್ಧಕ್ಕೇ ನಿಂತ ಆ ಉದ್ದದ ಹಾಡು ಎತ್ತಿಕೊಂಡಿತು. ಪ್ಯಾಂಟು ಜಾರದ ಹಾಗೆ ಹೆಗಲಿಗೆ ಕೆಂಪು ಪಟ್ಟಿ, ತಲೆಗೆ ಮರದ ಮಿಲ್ಲಿನ ಗಟ್ಟಿ ಟೋಪಿ, ಹೊಟ್ಟೆಗೆ ದಿಂಬು ಕಟ್ಟಿಕೊಂಡ ಒಬ್ಬ ಕುಂಟುತ್ತಾ ಬಂದ. ನೀನಂತೆ ಅದು. ಜನ "ಹೂ... ಹೂ..." ಅಂತ ಕೂಗಿದರು. "ಹೋಗಿ ಮಲಕ್ಕೊಳ್ಳೋ ತಾತ!" "ಕಿವಿ ಕಿತ್ತು ಜೇಬಲ್ಲಿ ಇಟ್ಕೊಳ್ಳೋ!" ಅವನು ಮುಷ್ಟಿ ತೋರಿಸಿ ಸ್ವಿಚ್ ಎಳೆದ. ಕತ್ತಲೆ. ಎಲ್ಲರೂ ಖಾಲಿ ಬಿಯರ್ ಡಬ್ಬಿಗಳನ್ನು ಅವನ ಮೇಲೆ ಎಸೆದರು, ಅವನು ಹುಬ್ಬು ಹಿಡಿದುಕೊಂಡು ಬಿದ್ದ ಹಾಗೆ ಮಾಡಿದ, ನಗು ಅಂದರೆ ನಗು. ನಿನ್ನ ಹುಬ್ಬಿನ ಹೊಲಿಗೆಯನ್ನು ನಾನು ನೋಡಿದ್ದೇನೆ ಅಪ್ಪಾ. ಮುಂದಿನ ವರ್ಷ ಆ ದಿಂಬು ಕಟ್ಟಿದವನ ಜಾಗದಲ್ಲಿ ನೀನು ನಿಲ್ಲುತ್ತೀಯಾ?

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸ್ವಿಚ್ ಎಳೆಯುವ ಸ್ವಲ್ಪ ಮುಂಚೆ ಅಲ್ಲಿದ್ದವರೆಲ್ಲ ಒಂದು ಕಾಲಿನ ಶೂ ಬಿಚ್ಚಿ ಮೇಲಕ್ಕೆ ಹಿಡಿದರು. ಇಡೀ ಹಾಲ್ ತುಂಬ ಶೂಗಳು, ಅವತ್ತು ಯಾರೂ ಬಂದು ತಗೊಳ್ಳದೆ ಉಳಿದ ಒಂದು ಶೂವಿನ ನೆನಪಿಗಂತೆ. ಆ ಕುಣಿತದ ನೂಕಾಟದಲ್ಲಿ ಯಾರದ್ದಾದರೂ ಶೂ ಕಳಚಿದರೆ ಸಿಕ್ಕಿದವರು ತಲೆಯ ಮೇಲೆ ಎತ್ತಿ ಹಿಡಿಯುವುದು, ಕಳಕೊಂಡವರು ಬಂದು ತಗೊಳ್ಳುವುದು, ಇದು ಇವರ ಪದ್ಧತಿ, ನಿನಗೆ ಗೊತ್ತಿರುವುದೇ. ಯಾರಾದರೂ ಬಿದ್ದರೆ ಸುತ್ತಲಿದ್ದವರು ನಿಂತು ಎತ್ತಬೇಕು, ಅದೂ ಪದ್ಧತಿಯೇ. ಒಳ್ಳೆಯ ಪದ್ಧತಿಗಳು. ಅವತ್ತು ನಾನು ಬಿದ್ದೆ. ಮೊದಲು ಶೂ ಹೋಯಿತು, ಆಮೇಲೆ ಉಸಿರು. ಮೇಲೆ ಬರೀ ಮಂಡಿಗಳು, ಬೂಟುಗಳು. ಕಿರುಚಿದರೆ ಗಿಟಾರು ನುಂಗಿಬಿಡುತ್ತಿತ್ತು. ಅಲ್ಲೊಬ್ಬನಿಗೆ ನನ್ನ ಶೂ ಸಿಕ್ಕಿತು, ಎತ್ತಿ ಹಿಡಿದ. ಎಲ್ಲರೂ ಮೇಲೆ ಶೂ ನೋಡಿ ಕೂಗಿದರು, ಕೆಳಗೆ ಒಬ್ಬರೂ ನೋಡಲಿಲ್ಲ. ನೀನೊಬ್ಬ ಸ್ಟೂಲಿನ ಮೇಲೆ ನಿಂತು ಆ ಶೂ ನೋಡಿದೆ. ಚಿಕ್ಕ ಮಗುವಿನ ಶೂ, ಅಷ್ಟು ಹೊತ್ತಾದರೂ ಯಾರೂ ಬಂದು ತಗೊಳ್ಳುತ್ತಿಲ್ಲ, ಅಂದರೆ ಶೂ ಕಳಕೊಂಡವಳು ನೆಲದಲ್ಲಿದ್ದಾಳೆ ಅಂತ ನಿನಗೆ ಹೊಳೆಯಿತು. ಸ್ವಿಚ್ ಎಳೆದೆ. ಸದ್ದು ನಿಂತ ಮೇಲೆಯೇ ಅವರ ಕಾಲು ನಿಂತಿದ್ದು. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದಿದ್ದರಿಂದ ಮಧ್ಯಾಹ್ನದಲ್ಲೂ ಕಗ್ಗತ್ತಲೆ, ನೀನು ತಡಕಾಡಿ ನನ್ನನ್ನು ಎತ್ತಿಕೊಂಡು ಅಡುಗೆಮನೆ ಬಾಗಿಲಿನಿಂದ ಹೋಗಿದ್ದು ಯಾರಿಗೂ ಕಾಣಲಿಲ್ಲ. ಬಾಗಿಲು ತೆರೆದಾಗ ಕಂಡಿದ್ದು ನಿನ್ನ ಬೆನ್ನಿನ ನೆರಳು ಮಾತ್ರ. ಅದಕ್ಕೇ ಡಬ್ಬಿ ಎಸೆದರು, ನೀನು ತಿರುಗಿದಾಗ ಒಂದು ಹುಬ್ಬಿಗೆ ಬಿತ್ತು.

ನನ್ನ ಎರಡು ಪಕ್ಕೆಲುಬು ಮುರಿದಿದ್ದವು. ಡಾಕ್ಟರ ಹತ್ತಿರ ನೀನು ಏನು ಹೇಳಿದೆ? ಏಣಿಯಿಂದ ಬಿದ್ದಳು ಅಂದೆ. ಕಾರಿನಲ್ಲಿ ನನಗೆ ಹೇಳಿದೆ, "ಪುಟ್ಟಿ, ಇದು ಹೊರಗೆ ಹೋದ್ರೆ ಹುಡುಗರ ಮೇಲೆ ಕೇಸ್ ಬೀಳುತ್ತೆ, ಹಾಲ್‌ಗೆ ಬೀಗ ಬೀಳುತ್ತೆ. ಆ ಮಕ್ಕಳಿಗೆ ಬೇರೆ ಏನಿದೆ? ಬಾಯಿ ಬಿಡ್ಬೇಡ." ನಾನು ಬಿಡಲಿಲ್ಲ. ಆ ಮಕ್ಕಳು ದೊಡ್ಡವರಾಗಿ ಬಂದು ನಿನ್ನ ಹೊಟ್ಟೆಗೆ ದಿಂಬು ಕಟ್ಟಿದರು.

ನಿನ್ನೆ ಆ ಶೂಗಳನ್ನು ನೋಡಿದಾಗ ನನ್ನ ಕಾಲು ತಾನಾಗಿಯೇ ನಡೆಯಿತು. ದೀಪ ಬಂದ ಕೂಡಲೇ ವೇದಿಕೆ ಹತ್ತಿದೆ. ಸಿಂಪಿ ಶೆಡ್ಡಿನಲ್ಲಿ ಸಂಬಳ ಕೇಳುವುದಕ್ಕೂ ನಾಲಿಗೆ ತೊಡರುವ ನಾನು, ಮೈಕು ಹಿಡಿದು, "ಆ ಶೂ ನಂದು" ಅಂದೆ. ಸೂರು ಹಾರಿಹೋಗುವ ಹಾಗೆ ಕೂಗಿದರು. "ಒಡತಿ ಸಿಕ್ಳು ಕಣ್ರೋ! ಒಂಬತ್ತು ವರ್ಷಕ್ಕೆ ಶೂ ಒಡತಿ ಸಿಕ್ಳು!" ಮುಂದೆ ಮಾತಾಡಲು ಬಿಡಲೇ ಇಲ್ಲ. ಕಾಲು ಹಿಡಿದು ಎಳೆದು ಕೈಗಳ ಮೇಲೆ ಎತ್ತಿಕೊಂಡರು, ಹಾಲ್ ತುಂಬ ತಲೆಗಳ ಮೇಲೆ ತೇಲಿಸಿಕೊಂಡು ಹೋದರು. ನಾನು ಬಿಡ್ರೋ ಅಂತ ಕಿರುಚಿದೆ, ಅದನ್ನು ಖುಷಿ ಅಂದುಕೊಂಡರು. ಎಷ್ಟು ಜೋಪಾನವಾಗಿ ಹಿಡಿದಿದ್ದರು ಗೊತ್ತಾ ಅಪ್ಪಾ, ತಲೆಯ ಕೆಳಗೆ ಒಬ್ಬಳು ಅಂಗೈ ಇಟ್ಟಿದ್ದಳು. ಅದಕ್ಕೇ ನನಗೆ ಇನ್ನೂ ಹೆಚ್ಚು ಸಿಟ್ಟು ಬಂತು. ಎತ್ತಲು ಬರುತ್ತದೆ ಇವರಿಗೆ. ಎತ್ತಬೇಕಾದ ದಿನ ಎತ್ತಲಿಲ್ಲ.

ಅಡುಗೆಮನೆ ಬಾಗಿಲ ಹತ್ತಿರ ಇಳಿಸಿದರು. ಡಾರ್ಬಿ ಓಡಿಬಂದ, ಮುಖ ಅರಳಿತ್ತು. "ರೀ, ಅವತ್ತು ಆ ಶೂ ಎತ್ತಿ ಹಿಡ್ದಿದ್ದು ನಾನೇ! ಪ್ರತಿ ಸಲ ಹೇಳ್ತೀನಿ ಈ ಕಥೆ. ಕೈ ಸೋತೋಯ್ತು, ಆದ್ರೂ ಇಳಿಸ್ಲಿಲ್ಲ. ಎಲ್ಲಿದ್ರಿ ನೀವು, ಯಾಕೆ ಬರ್ಲಿಲ್ಲ?" ಅಂದ.

"ನಿನ್ನ ಕಾಲ ಹತ್ರಾನೇ ಇದ್ದೆ," ಅಂದೆ. "ನೆಲದ ಮೇಲೆ. ಕೈ ಎತ್ತಿದ್ಯಲ್ಲ, ಒಂದು ಸಲ ತಲೆ ಬಗ್ಸಿದ್ಯಾ?"

ಆಮೇಲೆ ಎಲ್ಲವನ್ನೂ ಹೇಳಿದೆ, ಪಕ್ಕೆಲುಬು, ಏಣಿ, ನೀನು ಹಾಕಿಸಿದ ಬಾಯಿಬೀಗ. ಅವನು ಅಲ್ಲೇ ಪಾತ್ರೆ ತೊಳೆಯುವ ಜಾಗದ ಮೆಟ್ಟಿಲ ಮೇಲೆ ಕೂತ. "ಎತ್ತಿ ಹಿಡಿದ್ರೆ ಸಾಕು, ಯಾರಾದ್ರೂ ಬರ್ತಾರೆ ಅಂದ್ಕೊಂಡೆ" ಅಂತ ಅದನ್ನೇ ಹೇಳುತ್ತಿದ್ದ. ಹಾಲ್‌ನಲ್ಲಿ ಬೀನ್ಸ್ ಬಡಿಸುತ್ತಿದ್ದ ಹಿಲ್ಮಾ ಅತ್ತೆ ಅವನಿಗೆ ಒಂದು ಲೋಟ ಕಾಫಿ ತಂದುಕೊಟ್ಟು, "ಅವ್ನೂ ಹುಡುಗನೇ ಆಗಿದ್ದ ಬಿಡೇ" ಅಂದಳು. ನಾನು ಬಿಡಲಿಲ್ಲ. ಈ ಮನೆಯಲ್ಲಿ ಬಿಡು ಬಿಡು ಅಂತಲೇ ಎಲ್ಲಾ ಆಗಿದ್ದು. ನಿನಗೆ ಕೆಲಸವಿದ್ದ ಮಿಲ್ ಮುಚ್ಚಿದಾಗಲೂ ಬಿಡು ಅಂದೆ ನೀನು, ಹುಬ್ಬು ಒಡೆದಾಗಲೂ ಬಿಡು ಅಂದೆ. ಹುಡುಗರನ್ನು ಕಾಪಾಡಿದೆ, ಹಾಲ್ ಕಾಪಾಡಿದೆ, ನನ್ನನ್ನು ಕಾಪಾಡಿದೆ. ನಿನ್ನ ಹೆಸರನ್ನು ಮಾತ್ರ ಬೀದಿಗೆ ಬಿಟ್ಟೆ. ಅದು ನಿನ್ನೊಬ್ಬನದೇ ಹೆಸರಾ? ನನ್ನ ಹೆಸರಿನ ಹಿಂದೆಯೂ ಅದೇ ಇದೆ.

ಹುಡುಗರು ನಗಲಿ ಅಂದೆಯಂತಲ್ಲ. ನಕ್ಕಿದ್ದು ಸಾಕು. ಅಲ್ಲಿ ಒಬ್ಬನೇ ಕೂತು ಕೂತು ಬೇಸರವಾಗಿ, ಯಾರಾದರೂ ಕರೆದರೆ ಸಾಕು ಅಂತ ಹೂಂ ಅಂದೆಯೋ ಏನೋ. ಹಾಗಿದ್ದರೆ ನನಗೆ ಹೇಳಬೇಕಿತ್ತು. ನಾನು ಕರೆಯುತ್ತಿದ್ದೆ.

ಕೋಪದಲ್ಲಿ ಹೆಚ್ಚುಕಡಿಮೆ ಬರೆದಿರಬಹುದು, ಆದರೆ ಒಂದು ಸಾಲನ್ನೂ ಹೊಡೆದು ಹಾಕುವುದಿಲ್ಲ. ಮುಲಾಮು ಹಚ್ಚಿಕೋ. ಅತ್ತೆಯ ಆಶೀರ್ವಾದ, ಅವಳು ಹೆಣೆದ ಉಣ್ಣೆಯ ಕಾಲುಚೀಲ ಬೇರೆ ಕಟ್ಟಿನಲ್ಲಿ ಬರುತ್ತದೆ.

ನಿನ್ನ ಸಿಟ್ಟಿನ, ಪ್ರೀತಿಯ ಮಗಳು,
ಟ್ವೈಲಾ

ತಾ.ಕ.: ಮಂಗಳವಾರ, ಕೆಲಸಕ್ಕೆ ಹೋಗುವ ಅವಸರದಲ್ಲಿ ಬರೆಯುತ್ತಿದ್ದೇನೆ. ರಾತ್ರಿ ಡಾರ್ಬಿ ಫೋನ್ ಮಾಡಿದ್ದ. ಅಭಿಮಾನಿಗಳೆಲ್ಲ ಓದುವ ಅವರ ಪತ್ರಿಕೆಯಲ್ಲಿ ಆ ಭಾನುವಾರ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹಾಕುತ್ತಾನಂತೆ, ತಾನು ಶೂ ಹಿಡಿದು ನಿಂತಿದ್ದನ್ನೂ ಸೇರಿಸಿ. ನಾಟಕ ಇನ್ನು ಇಲ್ಲ. "ಆದ್ರೆ ನಿಮ್ಮಪ್ಪ ಇದು ಹೊರಗೆ ಹೋಗೋದು ಬೇಡ ಅಂದಿದ್ರಲ್ಲ, ಅವರನ್ನ ಒಂದು ಮಾತು ಕೇಳ್ಬೇಕಲ್ವಾ?" ಅಂದ. ಕೇಳೋದು ಬೇಡ, ಹಾಕು ಅಂದೆ. ನನ್ನ ಪಾಲಿನದನ್ನು ನಾನೇ ನನ್ನ ಹೆಸರು ಹಾಕಿ ಬರೆದು ಇವತ್ತೇ ಕಳಿಸುತ್ತಿದ್ದೇನೆ. ಶುಕ್ರವಾರ ಅಚ್ಚಿಗೆ ಹೋಗುತ್ತದೆ, ಈ ಪತ್ರ ನಿನ್ನ ಕೈ ಸೇರುವ ಹೊತ್ತಿಗೆ ಮುಗಿದಿರುತ್ತದೆ. ನಿನ್ನನ್ನು ಕೇಳುತ್ತಿಲ್ಲ ಅಪ್ಪಾ, ತಿಳಿಸುತ್ತಿದ್ದೇನೆ. ಬೈಯಬೇಕು ಅನ್ನಿಸಿದರೆ ಫೋನಿನಲ್ಲಿ ಬೇಡ, ಮನೆಗೆ ಬಂದು ಎದುರಿಗೆ ಕೂತು ಬೈ.